ಮೊದಲು ಮನುಷ್ಯರ ಜಾಡು, ಆಮೇಲೆ ಜಿಂಕೆಯದು

ಕಳೆದ ಶನಿವಾರ ಬೆಳಿಗ್ಗೆ ಐದೂವರೆಗೆ ಕಾಡಿನ ಗೇಟಿನ ಹತ್ತಿರ ಹೋದರೆ ಅಲ್ಲಿ ಆಗಲೇ ಎರಡು ಪಿಕಪ್ ಟ್ರಕ್‌ಗಳು ನಿಂತಿದ್ದವು. ಜಿಂಕೆಯ ಬಿಲ್ಲು ಬೇಟೆಯ ಋತು ಶುರುವಾಗುವುದು ಸೆಪ್ಟೆಂಬರ್ ಮಧ್ಯದಲ್ಲಿ, ಇನ್ನೂ ಎರಡು ವಾರವಿದೆ; ನಾನು ಹೊರಟದ್ದು ಕೂರಲು ಜಾಗ ಹುಡುಕಲು. ನಕ್ಷೆಯಲ್ಲಿ ಆ ಗೇಟಿನ ಮೇಲೊಂದು ಗೀಟು ಹೊಡೆದು, ಕಾರಿನಿಂದ ಇಳಿಯದೆ ಮುಂದೆ ಹೋದೆ.

ಉತ್ತರ ವಿಸ್ಕಾನ್ಸಿನ್‌ನ ಶೆವಾಮೆಗನ್-ನಿಕೊಲೆ ರಾಷ್ಟ್ರೀಯ ಅರಣ್ಯ ಸುಮಾರು 15 ಲಕ್ಷ ಎಕರೆಯಷ್ಟಿದೆ. ಸಾರ್ವಜನಿಕ ನೆಲ, ಪರವಾನಗಿ ಪಡೆದ ಯಾರು ಬೇಕಾದರೂ ಬರಬಹುದು, ಬರುತ್ತಾರೆ ಕೂಡ. ಮೊದಲ ವರ್ಷ ನನಗೆ ಇದರ ಅರ್ಥ ತಿಳಿದಿರಲಿಲ್ಲ. ಕೆಂಪು ಓಕ್ ಮರಗಳ ದಿಬ್ಬವೊಂದರಲ್ಲಿ ಹಿಕ್ಕೆಯ ರಾಶಿ, ಗೊರಸಿನ ಗುರುತು ಕಂಡು ಹಿಗ್ಗಿಹೋಗಿದ್ದೆ. ನವೆಂಬರಿನಲ್ಲಿ 9 ದಿನಗಳ ಬಂದೂಕಿನ ಋತು ತೆರೆದ ಬೆಳಿಗ್ಗೆ ಅದೇ ದಿಬ್ಬದಲ್ಲಿ ಕುಳಿತು ಬೇಟೆಗಾರರ ಆರು ಕಿತ್ತಳೆ ಬಣ್ಣದ ಜಾಕೆಟ್‌ಗಳನ್ನು ಎಣಿಸಿದೆ. ಜಿಂಕೆ ಒಂದೂ ಇಲ್ಲ.

ಈಗ ಮೊದಲು ಹುಡುಕುವುದು ಮನುಷ್ಯರ ಗುರುತು: ಬೂಟಿನ ಅಚ್ಚು, ಕೊಂಬೆಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ, ಮರಕ್ಕೆ ಬಿಗಿದ ಕ್ಯಾಮೆರಾ. ನಾನು ಕ್ಯಾಮೆರಾ ಇಡುವುದಿಲ್ಲ. ಅದನ್ನು ನೋಡಲು ವಾರವಾರವೂ ಹೋಗಿ ನನ್ನ ವಾಸನೆಯನ್ನು ಅಲ್ಲಿ ಬಳಿದು ಬರುವ ಚಟ ನನಗೆ ಚೆನ್ನಾಗಿ ಗೊತ್ತು.

ಆ ಶನಿವಾರ ಆರಿಸಿಕೊಂಡದ್ದು ಸೀಡರ್ ಮರಗಳ ಜೌಗಿನ ಆಚೆಗಿನ ಒಂದು ಪಟ್ಟಿ ಒಣ ನೆಲ. ಅದರ ಇನ್ನೊಂದು ಬದಿಯಲ್ಲಿ ಕೆಲವು ವರ್ಷಗಳ ಹಿಂದೆ ಕಡಿದ ಆಸ್ಪೆನ್ ತೋಪು, ಈಗ ಆಳೆತ್ತರ ಚಿಗುರಿ ನಿಂತಿದೆ. ಅಲ್ಲಿಗೆ ಹೋಗಲು ಮೊಣಕಾಲುದ್ದ ಕೆಸರಿನಲ್ಲಿ ನಲವತ್ತು ನಿಮಿಷ ನಡೆಯಬೇಕು. ಬೂಟಿನ ಅಚ್ಚು ನಿಂತದ್ದು ಜೌಗಿನ ಈಚೆಯೇ.

ಆಸ್ಪೆನ್ ಚಿಗುರುಗಳ ತುದಿಗಳೆಲ್ಲ ಹರಿದಿದ್ದವು. ಮೊಲ ತಿಂದಿದ್ದರೆ ಚಾಕುವಿನಿಂದ ಓರೆಯಾಗಿ ಕೊಯ್ದಂತಿರುತ್ತದೆ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ, ಹಾಗಾಗಿ ಕಚ್ಚಿ ಜಗ್ಗುತ್ತದೆ, ನಾರು ಉಳಿಯುತ್ತದೆ. ಹತ್ತು ಹೆಜ್ಜೆ ಮುಂದೆ ಹೆಬ್ಬೆರಳು ದಪ್ಪದ ಆಲ್ಡರ್ ಗಿಡವೊಂದರ ತೊಗಟೆ ಚಿಂದಿಯಾಗಿ ಜೋತಾಡುತ್ತಿತ್ತು. ಗಂಡು ಜಿಂಕೆ ಕೊಂಬಿನ ಮಖಮಲ್ ಸಿಪ್ಪೆಯನ್ನು ಕಳಚಿಕೊಳ್ಳುವ ಕಾಲವಿದು. ಆಲ್ಡರ್‌ನ ಒಳಮೈ ಗಾಳಿ ತಾಕಿದರೆ ಕೆಂಪಗಾಗುತ್ತದೆ. ಇದು ಇನ್ನೂ ಬಿಳಿಚಿಕೊಂಡೇ ಇತ್ತು. ಬೆರಳಿಟ್ಟರೆ ಅಂಟಂಟು. ಅಂದರೆ ನಾನು ಕೆಸರಿನಲ್ಲಿ ಬೈದುಕೊಂಡು ಬರುತ್ತಿದ್ದಾಗ ಅದು ಇಲ್ಲೇ ಎಲ್ಲೋ ನಿಂತು ಕೇಳಿಸಿಕೊಂಡಿರಬೇಕು.

ಮುಟ್ಟಬಾರದಿತ್ತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಪುಡಿಯ ಡಬ್ಬಿ ಒತ್ತಿ ಗಾಳಿ ನೋಡಿದೆ. ಪುಡಿ ನನ್ನ ವಾಸನೆಯ ಜೊತೆ ತೇಲಿಕೊಂಡು ನೇರವಾಗಿ ಆಸ್ಪೆನ್ ತೋಪಿನ ಕಡೆಗೇ ಹೋಯಿತು. ವಾಯುವ್ಯದ ಗಾಳಿಯಿರುವ ದಿನ ಇಲ್ಲಿ ಕೂರುವಂತಿಲ್ಲ ಎಂದು ಬರೆದುಕೊಂಡೆ. ಇನ್ನು ಅಕ್ಟೋಬರ್ ಕೊನೆಯವರೆಗೆ ಇತ್ತ ತಲೆ ಹಾಕುವುದಿಲ್ಲ.

ಹಿಂದಿರುಗುವಾಗ ಒಣನೆಲದ ಅಂಚಿನ ದೊಡ್ಡ ಸೀಡರ್ ಮರವೊಂದನ್ನು ಬೇಟೆಗೆ ಕೂರುವ ಅಟ್ಟಣೆಗೆ ಆಗುತ್ತದೆಯೇ ಎಂದು ತಲೆಯೆತ್ತಿ ನೋಡಿದೆ. ಎರಡಾಳೆತ್ತರದಲ್ಲಿ ಒಂದು ಹಲಗೆ. ಅರ್ಧದಷ್ಟನ್ನು ಮರವೇ ನುಂಗಿಬಿಟ್ಟಿದೆ, ಮೊಳೆಗಳು ತುಕ್ಕು ಹಿಡಿದು ಉದುರಿವೆ. ಎಷ್ಟು ದಶಕಗಳ ಹಿಂದಿನದೋ! ಆ ಪುಣ್ಯಾತ್ಮನೂ ಇದೇ ಕೆಸರನ್ನು ದಾಟಿ ಬಂದವನು.

ಮರದ ಬುಡಕ್ಕೆ ಒರಗಿ ಕುಳಿತು ಸಾಕ್ಸಿನಿಂದ ಉಣುಗುಗಳನ್ನು ಕಿತ್ತೆ. ಹನ್ನೊಂದು.