ನೋಟಿಸ್ ತಂದದ್ದು ಒಂದೇ ಪದ

ಪತ್ರಿಕೆಯ ಡೆಸ್ಕಿನಲ್ಲಿ ನಾನು ಕೊಟ್ಟ ತಲೆಬರಹವೊಂದಕ್ಕೆ ಲೀಗಲ್ ನೋಟಿಸ್ ಬಂದಿತ್ತು. ವರದಿಯಲ್ಲಿ ತಪ್ಪಿರಲಿಲ್ಲ. ಗುತ್ತಿಗೆದಾರರೊಬ್ಬರ ಮೇಲೆ ವಂಚನೆ ಆರೋಪದಡಿ ಎಫ್‌ಐಆರ್ ದಾಖಲಾಗಿದೆ ಎಂದಷ್ಟೇ ವರದಿಗಾರ ಬರೆದಿದ್ದ. ಎರಡು ಕಾಲಮ್ಮಿಗೆ ಕೂರಲಿಲ್ಲವೆಂದು ನಾನು ‘ಆರೋಪ’ ತೆಗೆದು ‘ವಂಚಕ ಗುತ್ತಿಗೆದಾರ’ ಎಂದು ಮಾಡಿದ್ದೆ. ಕೋರ್ಟು ಕೊಡಬೇಕಾದ ತೀರ್ಪನ್ನು ನಾನೇ ಕೊಟ್ಟುಬಿಟ್ಟಿದ್ದೆ.

ನಮ್ಮ ವಕೀಲರು ಪುಟ ಹರಡಿಕೊಂಡು, ಒಂದೊಂದು ಸಾಲಿನ ಮೇಲೂ ಪೆನ್ನಿಟ್ಟು ಕೇಳಿದರು: “ಇದಕ್ಕೆ ಕಾಗದ ಇದೆಯಾ?” ಎಲ್ಲ ಸಾಲಿಗೂ ಇತ್ತು. ತಲೆಬರಹಕ್ಕೆ ಮಾತ್ರ ಇರಲಿಲ್ಲ. ಮರುದಿನ ವಿಷಾದ ಪ್ರಕಟಿಸಿದೆವು. ಆದರೆ ಆ ಗುತ್ತಿಗೆದಾರ ನಾಲ್ಕು ಮಡಿಕೆ ಮಾಡಿದ ಪತ್ರಿಕೆ ಹಿಡಿದು ಕಚೇರಿಗೆ ಬಂದು, “ಮನೆಯಲ್ಲಿ ಇದನ್ನ ಬಚ್ಚಿಟ್ಟಿದ್ದೆ ಸಾರ್” ಅಂದಾಗ ನನ್ನ ಬಳಿ ಮಾತಿರಲಿಲ್ಲ.

ಕ್ರಿಮಿನಲ್ ಮಾನಹಾನಿ ಹಿಂದೆ ಐಪಿಸಿ 499, 500ರಲ್ಲಿತ್ತು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ. ಎರಡು ವರ್ಷದವರೆಗೆ ಸಜೆಗೆ ಅವಕಾಶವಿದೆ. ಸಿವಿಲ್ ದಾವೆಯಲ್ಲಿ ಬರೆದದ್ದು ಸತ್ಯ ಎಂದು ರುಜುವಾತಾದರೆ ಸಾಕು. ಕ್ರಿಮಿನಲ್ ಪ್ರಕರಣದಲ್ಲಿ ಅದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ವ್ಯಕ್ತಿಯ ಒಳ್ಳೆಯ ಹೆಸರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ ಸುಪ್ರೀಂ ಕೋರ್ಟ್ 2016ರಲ್ಲಿ ಈ ಕಾನೂನನ್ನು ಎತ್ತಿಹಿಡಿಯಿತು. ಹೆಸರಿಗೆ ಬೆಲೆ ಇದೆ, ಒಪ್ಪುತ್ತೇನೆ. ಮಾತಿಗೆ ಜೈಲು ಎಂಬುದನ್ನು ಒಪ್ಪಲಾರೆ.

ನನ್ನ ದೊಡ್ಡ ತಪ್ಪು ಆಮೇಲಿನದು. ಹೆದರಿಕೆ ಹೊಕ್ಕಿತ್ತು. ಅಧಿಕಾರಿಯೊಬ್ಬರು ಒಂದೇ ಕಾಮಗಾರಿಗೆ ಎರಡು ಸಲ ಬಿಲ್ ಪಾಸು ಮಾಡಿದ ವರದಿ ಬಂತು, ಮಾಹಿತಿ ಹಕ್ಕಿನಡಿ ಪಡೆದ ಪ್ರತಿಗಳ ಸಮೇತ. “ಸದ್ಯಕ್ಕೆ ಬೇಡ” ಎಂದು ಎತ್ತಿಟ್ಟೆ. ವರದಿಗಾರ್ತಿ ಏನೂ ಅನ್ನದೆ ಫೈಲು ತೆಗೆದುಕೊಂಡು ಹೋದಳು.

ಅವಳ ಪರವಾಗಿ ಮಾತಾಡಿದವರು ಅದೇ ವಕೀಲರು. 1994ರ ಆರ್. ರಾಜಗೋಪಾಲ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದರು: ಅಧಿಕಾರಿ ತನ್ನ ಕರ್ತವ್ಯದ ಬಗ್ಗೆ ಬಂದ ಬರಹಕ್ಕೆ ಪರಿಹಾರ ಕೇಳಬೇಕಾದರೆ, ಅದು ಸುಳ್ಳು ಎಂದಷ್ಟೇ ಅಲ್ಲ, ನಿಜವೋ ಸುಳ್ಳೋ ಎಂಬ ಗೊಡವೆಯೇ ಇಲ್ಲದೆ ಪ್ರಕಟಿಸಿದರು ಎಂದೂ ಸಾಬೀತು ಮಾಡಬೇಕು. “ಕಾಗದ ಇದ್ದದ್ದನ್ನು ಕೊಂದು, ಇಲ್ಲದ್ದನ್ನು ಹಾಕಿದ್ದೀರಲ್ಲ” ಅಂದರು.

ಫೈಲು ವಾಪಸು ತರಿಸಿದೆ. ‘ಭ್ರಷ್ಟ’ ಎಂಬ ಪದ ಹೊಡೆದುಹಾಕಿದೆ. ಎರಡೂ ಬಿಲ್ಲಿನ ದಿನಾಂಕ, ಮೊತ್ತ ಉಳಿಸಿದೆ. ಅಧಿಕಾರಿಗೆ ಪ್ರಶ್ನೆ ಕಳಿಸಿ ಎರಡು ದಿನ ಕಾದು, ಅವರ ಉತ್ತರವನ್ನೂ ಪೂರ್ತಿ ಹಾಕಿದೆವು. ನೋಟಿಸ್ ಆಗಲೂ ಬಂತು. ವಕೀಲರು ಪ್ರತಿ ಸಾಲಿಗೂ ಒಂದೊಂದು ಕಾಗದ ಜೋಡಿಸಿ ಉತ್ತರ ಬರೆದರು.