ಸಮುದ್ರಕ್ಕೆ ಎಷ್ಟು ಭಾಗ ಮಳೆ?

2024ರ ಏಪ್ರಿಲ್ 9, ಯುಗಾದಿ. ಅಟ್ಲಾಂಟಾದ ಮನೆಯಲ್ಲಿ ನಾನು ಹೋಳಿಗೆ ತಟ್ಟುತ್ತಿದ್ದೆ. ಅರಕಲಗೂಡು ಹತ್ತಿರದ ನಮ್ಮೂರಿನಿಂದ ಅಪ್ಪ ಫೋನ್ ಮಾಡಿದರು. ದೇವಸ್ಥಾನದಲ್ಲಿ ಪಂಚಾಂಗ ಕೇಳಿಕೊಂಡು ಬಂದಿದ್ದರು. ಈ ವರ್ಷದ ಮಳೆಯಲ್ಲಿ ಸಮುದ್ರಕ್ಕೆ ಇಷ್ಟು ಭಾಗ, ಬೆಟ್ಟಕ್ಕೆ ಇಷ್ಟು, ಭೂಮಿಗೆ ಇಷ್ಟು ಅಂತ ಜೋಯಿಸರು ಓದಿದ್ದನ್ನು ನನಗೂ ಒಪ್ಪಿಸಿದರು. "ಸಮುದ್ರಕ್ಕೇ ಜಾಸ್ತಿ ಕಣವ್ವ, ಯಾವಾಗ್ಲೂ ಹಂಗೇ" ಅಂತ ನಕ್ಕರು.

ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಪಂಚಾಂಗ ತೆರೆದಿತ್ತು. ಅದರ ಹಿಂದಿನ ವಾರ ಅಮೆರಿಕದ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯವರು ಅಟ್ಲಾಂಟಿಕ್‌ನ ಮುನ್ಸೂಚನೆ ಹೊರಡಿಸಿದ್ದರು: ಹೆಸರು ಪಡೆಯುವ ಚಂಡಮಾರುತ 23, ಅದರಲ್ಲಿ ಹರಿಕೇನ್, ಅಂದರೆ ತೀರಾ ಜೋರಿನ ಚಂಡಮಾರುತದ ಮಟ್ಟ ಮುಟ್ಟುವುದು 11. ನಾವು ಅಕ್ಟೋಬರ್‌ಗೆ ಕೆರಿಬಿಯನ್ ಕ್ರೂಸ್ ನೋಡುತ್ತಿದ್ದೆವು. ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅಂದರೆ ನಮ್ಮದು ಸರಿಯಾಗಿ ಅದರೊಳಗೇ.

ಹಾಗಾದರೆ ಯಾಕೆ ಹೋದಿರಿ ಅಂತೀರಾ? ಅಪ್ಪ ಊರಿಂದ ಬಂದು ನಮ್ಮ ಜೊತೆ ಇರೋದು ಆಗಸ್ಟ್‌ನಿಂದ ಅಕ್ಟೋಬರ್ ಕೊನೆವರೆಗೆ. ಜೊತೆಗೆ ಟಿಕೆಟ್ ದರ ಡಿಸೆಂಬರ್‌ಗಿಂತ ತುಂಬಾ ಕಡಿಮೆ. ಅದು ಸುಮ್ನೆ ಕಡಿಮೆ ಇರೋದಿಲ್ಲ ಅಂತ ಗೊತ್ತಿತ್ತು.

ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ಕೂಡ 17ರಿಂದ 25 ಅಂದಿತು. ಮೇನಲ್ಲಿ ಅವರು ಅಷ್ಟು ದೊಡ್ಡ ಅಂಕಿ ಹಿಂದೆಂದೂ ಕೊಟ್ಟಿರಲಿಲ್ಲ. ಕಾರಣ ಎರಡು. ಸಮುದ್ರ ವಿಪರೀತ ಬಿಸಿಯಾಗಿತ್ತು. ಮತ್ತೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಮುಗಿದು, ಅದು ತಣ್ಣಗಾಗುವ ಲಾ ನಿನಾ ಬರುವ ಸೂಚನೆ ಇತ್ತು. ಎಲ್ ನಿನೊ ವರ್ಷ ಕೆರಿಬಿಯನ್ ಮೇಲೆ ಎತ್ತರದಲ್ಲಿ ಗಾಳಿ ಜೋರು, ಎದ್ದ ಚಂಡಮಾರುತದ ತಲೆಯನ್ನೇ ಹಾರಿಸಿಬಿಡುತ್ತದೆ. ಲಾ ನಿನಾದಲ್ಲಿ ಆ ಕಾಟ ಕಡಿಮೆ. ಇದನ್ನು ಅಪ್ಪನಿಗೆ ಹೇಳಿದಾಗ, "ಗಾಳೀಲಿ ಬಣವೆ ಒಟ್ಟಿದಂಗೆ" ಅಂದರು. ನಾನು ಹತ್ತು ನಿಮಿಷ ವಿವರಿಸಿದ್ದು ಅಷ್ಟೇ.

ಆಮೇಲೆ ಅಪ್ಪ ಕೇಳಿದ್ದು: "ಇಪ್ಪತ್ಮೂರು ಸರಿ. ನಿಮ್ ಹಡಗಿನ ದಾರೀಗೆ ಎಷ್ಟು?"

ಅದನ್ನು ಯಾರೂ ಹೇಳುವುದಿಲ್ಲ. ಇಡೀ ಅಟ್ಲಾಂಟಿಕ್‌ಗೆ ಸೇರಿಸಿ ಕೊಡುವ ಲೆಕ್ಕ ಅದು. ಯಾವ ವಾರ, ಯಾವ ದ್ವೀಪ ಅನ್ನುವುದು ಅದರಲ್ಲಿಲ್ಲ. ಆದರೂ ಅದರಿಂದ ನಾವು ಎರಡು ಕೆಲಸ ಮಾಡಿಕೊಂಡೆವು. ವಿಮೆಯನ್ನು ಮೇನಲ್ಲೇ ಕೊಂಡೆವು. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಪಾಲಿಸಿ ತೆಗೆದುಕೊಂಡರೆ ಅದರಿಂದಾದ ನಷ್ಟಕ್ಕೆ ದುಡ್ಡು ಸಿಗುವುದಿಲ್ಲ. ನಾಮಕರಣಕ್ಕೆ ಮುಂಚೆಯೇ ಉಡುಗೊರೆ ಕೊಡಬೇಕು, ಅಷ್ಟೇ. ಮತ್ತೆ ಮಯಾಮಿಗೆ ಒಂದು ದಿನ ಮೊದಲೇ ತಲುಪುವ ವಿಮಾನ ಹಿಡಿದೆವು. ಅರೂಬಾ ಕಡೆ ಹೋಗುವ ಹಡಗುಗಳನ್ನೂ ನೋಡಿದ್ದೆ. ಅರೂಬಾ, ಕ್ಯುರಸಾವ್ ತೀರಾ ದಕ್ಷಿಣಕ್ಕಿವೆ, ಹರಿಕೇನ್‌ಗಳು ಅಲ್ಲಿಗೆ ಹೋಗುವುದು ಅಪರೂಪ. ಆದರೆ ರಜೆ ಸಾಲಲಿಲ್ಲ.

ಜುಲೈ 1ರಂದು ಬೆರಿಲ್ ಅನ್ನುವ ಹರಿಕೇನ್ ಕೆರಿಬಿಯನ್ನಿನ ಕ್ಯಾರಿಯಾಕೊ ದ್ವೀಪಕ್ಕೆ ಬಡಿಯಿತು. ಮರುದಿನ ಎಲ್ಲಕ್ಕಿಂತ ಮೇಲಿನದಾದ ಐದನೇ ದರ್ಜೆಗೆ ಏರಿತು. ವರ್ಷದಲ್ಲಿ ಅಷ್ಟು ಬೇಗ ಆ ದರ್ಜೆ ಮುಟ್ಟಿದ ಹರಿಕೇನ್ ಅಟ್ಲಾಂಟಿಕ್‌ನಲ್ಲಿ ಅದೇ ಮೊದಲು. ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಆಗಸ್ಟ್ ಕೊನೆಗೆ, ಹಾವಳಿ ಏರಬೇಕಾದ ಹೊತ್ತಿಗೆ, ಸಮುದ್ರ ತೆಪ್ಪಗಾಯಿತು. ಮುನ್ಸೂಚನೆ ಸುಳ್ಳು ಅಂತ ಜನ ಆಡಿಕೊಂಡರು. ನನ್ನ ಗಂಡ ವಿಮೆಯ ದುಡ್ಡು ದಂಡ ಅಂದರು.

ಅಕ್ಟೋಬರ್ 5, ಶನಿವಾರ. ಮಯಾಮಿಯ ಹೋಟೆಲ್‌ನಲ್ಲಿದ್ದೆವು. ಮೆಕ್ಸಿಕೊ ಕೊಲ್ಲಿಯ ಪಶ್ಚಿಮದ ಮೂಲೆಯಲ್ಲಿ ಮಿಲ್ಟನ್ ಅನ್ನುವ ಚಂಡಮಾರುತ ಹುಟ್ಟಿತು. ರಾತ್ರಿ ಹಡಗಿನವರ ಇಮೇಲ್: ಕೊಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾ ರದ್ದು. ಬದಲಿಗೆ ಪೂರ್ವಕ್ಕೆ, ಪೋರ್ಟೊ ರಿಕೊ ದ್ವೀಪದ ಸ್ಯಾನ್ ವಾನ್ ಮತ್ತು ಅದರಾಚೆಯ ಸೇಂಟ್ ಥಾಮಸ್ ದ್ವೀಪ. ಕೇಮನ್‌ನಲ್ಲಿ ತೊರಕೆ ಮೀನು ಮುಟ್ಟುತ್ತೇನೆ ಅಂತ ಕುಣಿಯುತ್ತಿದ್ದ ಮಗ ಊಟ ಬಿಟ್ಟು ಮಲಗಿದ. ದಾರಿ ಬದಲಿಸುವ ಹಕ್ಕು ಹಡಗಿನವರಿಗೆ ಒಪ್ಪಂದದಲ್ಲೇ ಇರುತ್ತದೆ. ವಾಪಸ್ ಬಂದಿದ್ದು ಆ ಬಂದರುಗಳ ಶುಲ್ಕ ಮಾತ್ರ.

ಸೋಮವಾರ ಮಿಲ್ಟನ್‌ನ ಗಾಳಿ ಗಂಟೆಗೆ 280 ಕಿ.ಮೀ. ದಾಟಿತು. ನಾವು ಅದಕ್ಕೆ ಬೆನ್ನು ಹಾಕಿ ಓಡುತ್ತಿದ್ದೆವು. ಹಡಗಿಗೆ ಇರುವ ಅನುಕೂಲವೇ ಅದು. ಗಂಟೆಗೆ 35 ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತದೆ, ಹರಿಕೇನ್ ಸಾಮಾನ್ಯವಾಗಿ ಅದಕ್ಕಿಂತ ನಿಧಾನ. ಡೆಕ್ ಮೇಲೆ ಬಿಸಿಲೋ ಬಿಸಿಲು. ಒಳಗೆ ಟಿವಿಯಲ್ಲಿ ಟ್ಯಾಂಪಾದ ಜನ ಕಿಟಕಿಗೆ ಹಲಗೆ ಹೊಡೆಯುತ್ತಿದ್ದರು. ಟ್ಯಾಂಪಾದಿಂದ ಬಂದಿದ್ದ ಒಂದು ಕುಟುಂಬ ನಮ್ಮ ಟೇಬಲ್‌ನಲ್ಲೇ ಊಟಕ್ಕೆ ಕೂರುತ್ತಿತ್ತು. ಅವರ ಎದುರು ರಜೆಯ ಮಾತಾಡಲು ನಾಲಿಗೆ ಬರಲಿಲ್ಲ.

ಬುಧವಾರ ಸ್ಯಾನ್ ವಾನ್. ನೀಲಿ ಛಾಯೆಯ ಕಲ್ಲು ಹಾಸಿದ ಬೀದಿಗಳು, ಕಡಲಿನ ಅಂಚಿಗೆ ಎಲ್ ಮೊರೊ ಕೋಟೆ. 1539ರಲ್ಲಿ ಸ್ಪೇನಿನವರು ಕಟ್ಟಲು ಶುರು ಮಾಡಿದ್ದು. ಮುಂದಿನ ಹುಲ್ಲಿನ ಬಯಲಲ್ಲಿ ಮಕ್ಕಳು ಗಾಳಿಪಟ ಬಿಡುತ್ತಿದ್ದರು. ಮಗನ ಮುನಿಸು ಅಲ್ಲೇ ಇಳಿಯಿತು. 'ಹರಿಕೇನ್' ಅನ್ನುವ ಪದ ಸ್ಪ್ಯಾನಿಷ್‌ಗೆ ಹೋಗಿದ್ದು ಈ ದ್ವೀಪಗಳ ಮೂಲ ನಿವಾಸಿಗಳಾದ ಟೈನೊ ಜನರ ಮಾತಿನಿಂದ. 2017ರ ಮರಿಯಾ ಹರಿಕೇನ್ ಬಗ್ಗೆ ಟ್ಯಾಕ್ಸಿಯವರು ಹೇಳುತ್ತಿದ್ದರು, ತಿಂಗಳುಗಟ್ಟಲೆ ಕರೆಂಟ್ ಇಲ್ಲದ ಮನೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಎಲ್ಲಾ ಅರ್ಥವಾದವರಂತೆ ತಲೆ ಆಡಿಸಿದರು.

ಅದೇ ರಾತ್ರಿ ಮಿಲ್ಟನ್ ಫ್ಲೋರಿಡಾದ ಸಿಯೆಸ್ಟಾ ಕೀ ಬಳಿ ದಡ ಹತ್ತಿತು. ಟ್ಯಾಂಪಾದವರು ಮಾರನೇ ದಿನ ಸೇಂಟ್ ಥಾಮಸ್‌ನಲ್ಲಿ ಇಳಿಯಲೇ ಇಲ್ಲ, ಫೋನ್ ಹಿಡಿದು ಕೂತಿದ್ದರು. ಮನೆಗೆ ನೀರು ನುಗ್ಗಿಲ್ಲ, ಮರ ಬಿದ್ದಿದೆ ಅಂತ ಸಂಜೆ ಗೊತ್ತಾಯಿತು. ಆ ಹೆಂಗಸು ಅಳುತ್ತಾ ನಕ್ಕರು.

ಹಿಂದಿರುಗುವಾಗ ಎರಡು ದಿನ ಬರೀ ನೀರು. ಸ್ವಲ್ಪ ತೂಗಾಟವಿತ್ತು. ಹಸ್ತ ಮಳೆ ಮುಗಿದು ಚಿತ್ತೆ ಹಿಡಿದಿದೆ ಅಂತ ಅಪ್ಪ ಲೆಕ್ಕ ಹಾಕಿದರು. ಊರಲ್ಲಿ ರಾಗಿ ತೆನೆ ಕಟ್ಟುವ ಹೊತ್ತು.

ಹಡಗಿನಲ್ಲಿ ಮುಂದಿನ ಪ್ರವಾಸ ಬುಕ್ ಮಾಡುವ ಕೌಂಟರ್ ಇರುತ್ತದೆ, ರಿಯಾಯಿತಿಯೂ ಇರುತ್ತದೆ. ಗಂಡ ಅಲ್ಲಿ ನಿಂತು ಮುಂದಿನ ಅಕ್ಟೋಬರ್‌ನ ದರ ಕೇಳುತ್ತಿದ್ದರು. ಅಪ್ಪ ಹಿಂದಿನಿಂದ ಅವರ ಭುಜ ತಟ್ಟಿದರು.

"ತಡೀರಿ ಅಳಿಯಂದ್ರೇ, ಯುಗಾದಿ ಕಳೀಲಿ."