ನೈಸ್ ಅಂದ್ರೆ ಏನ್ ಸ್ವಾಮಿ?

ಇಂಗ್ಲಿಷ್ ಬರಲ್ಲ ಅನ್ನೋರ ಬಾಯಲ್ಲೂ ಸಲೀಸಾಗಿ ಬರೋ ಪದ ನೈಸ್. ಫೋಟೋ ನೋಡಿದ್ರೆ ನೈಸ್, ಹಾಡು ಕೇಳಿದ್ರೆ ನೈಸ್, ಏನ್ ಹೇಳ್ಬೇಕೋ ತೋಚ್ಲಿಲ್ಲ ಅಂದ್ರೂ ನೈಸ್. ಇಷ್ಟು ಸಾಧು ಥರ ಕಾಣೋ ಪದದ ಜಾತಕ ತೆಗೆದು ನೋಡಿದ್ರೆ ನಗು ಬರುತ್ತೆ, ಯಾಕಂದ್ರೆ ಇದು ಇಂಗ್ಲಿಷಿಗೆ ಬಂದಿದ್ದೇ ಬೈಗುಳವಾಗಿ.

ಲ್ಯಾಟಿನ್‌ನಲ್ಲಿ ನೆಸ್ಕಿಯಸ್ ಅಂತ ಒಂದು ಪದ, ನೆ ಅಂದ್ರೆ ಇಲ್ಲ, ಸ್ಕೀರೆ ಅಂದ್ರೆ ತಿಳಿಯೋದು, ಎರಡೂ ಸೇರಿದ್ರೆ ಏನೂ ತಿಳೀದವನು. ಅದು ಹಳೇ ಫ್ರೆಂಚ್‌ನಲ್ಲಿ ಸವೆದು ಸವೆದು ಪೆದ್ದ ಅನ್ನೋ ಅರ್ಥ ಹೊತ್ಕೊಂಡು 1300ರ ಆಸುಪಾಸಲ್ಲಿ ಇಂಗ್ಲಿಷಿಗೆ ಬಂತು. ತಮಾಷೆ ಏನಪ್ಪಾ ಅಂದ್ರೆ ಸೈನ್ಸ್ ಅನ್ನೋ ಪದಾನೂ ಇದೇ ಸ್ಕೀರೆಯಿಂದ ಬಂದಿದ್ದು, ತಿಳಿದೋರ ಕಡೆ ಅದು, ತಿಳೀದೋರ ಕಡೆ ಇದು. ಆಮೇಲೆ ಸುಮ್ನೆ ಇತ್ತಾ, ಇಲ್ಲ. ನಾಚಿಕೆ ಸ್ವಭಾವದವನು, ಎಲ್ಲದಕ್ಕೂ ಮೂಗು ಮುರಿಯೋನು, ನಾಜೂಕಿನದು, ಕರಾರುವಾಕ್ಕಾದದ್ದು ಅಂತೆಲ್ಲ ಸುತ್ತಾಡ್ಕೊಂಡು 18ನೇ ಶತಮಾನದ ಹೊತ್ತಿಗೆ ಚೆನ್ನಾಗಿರೋದು ಅನ್ನೋ ಈಗಿನ ಅರ್ಥಕ್ಕೆ ಬಂದು ಕೂತ್ಕೊಂಡ್ತು. ಹಳೇ ಅರ್ಥ ಪೂರ್ತಿ ಸತ್ತಿಲ್ಲ, ಎ ನೈಸ್ ಡಿಸ್ಟಿಂಕ್ಷನ್ ಅಂತ ಎಲ್ಲಾದ್ರೂ ಓದಿದ್ರೆ ಅದು ಒಳ್ಳೇ ವ್ಯತ್ಯಾಸ ಅಲ್ಲ, ಕೂದಲೆಳೆಯಷ್ಟು ಸೂಕ್ಷ್ಮವಾದ ವ್ಯತ್ಯಾಸ.

ಇಂಗ್ಲಿಷ್ ಮೇಷ್ಟ್ರುಗಳಿಗೆ ಈ ಪದ ಕಂಡ್ರೆ ಆಗಲ್ಲ, ಪ್ರಬಂಧದಲ್ಲಿ ಬರೆದ್ರೆ ಕೆಂಪು ಗೆರೆ ಗ್ಯಾರಂಟಿ, ಇದರಲ್ಲಿ ಅರ್ಥಾನೇ ಇಲ್ಲ ಅಂತ. ನಂಗೇನೋ ಅದು ಸ್ವಲ್ಪ ಅನ್ಯಾಯ ಅನ್ಸುತ್ತೆ. ಎಲ್ಲಾದಕ್ಕೂ ಅದ್ಭುತ, ಅಮೋಘ ಅನ್ನೋಕಾಗುತ್ತಾ? ಸಣ್ಣ ಮೆಚ್ಚುಗೆಗೆ ಸಣ್ಣ ಪದ ಬೇಕಲ್ವಾ.

ಆದ್ರೆ ಬಳಸೋವಾಗ ಅಕ್ಕಪಕ್ಕ ಯಾರಿದ್ದಾರೆ ನೋಡ್ಕೋಬೇಕು. ನೈಸ್ ಅಂಡ್ ವಾರ್ಮ್ ಅಂದ್ರೆ ಚೆನ್ನಾಗಿದೆ ಮತ್ತು ಬೆಚ್ಚಗಿದೆ ಅಂತ ಎರಡು ಗುಣ ಅಲ್ಲ, ಹಿತವಾಗಿ ಬೆಚ್ಚಗಿದೆ ಅಂತ ಒಂದೇ. ಮೊದಲನೇ ಸಲ ಪರಿಚಯ ಆದವರಿಗೆ ನೈಸ್ ಟು ಮೀಟ್ ಯು, ಆಗ್ಲೇ ಗೊತ್ತಿರೋರು ಸಿಕ್ಕಿದ್ರೆ ನೈಸ್ ಟು ಸೀ ಯು, ಇದನ್ನ ಅದಲು ಬದಲು ಮಾಡಿದ್ರೆ ನನ್ನನ್ನ ಮರ್ತೇಬಿಟ್ರಾ ಅಂತ ಎದುರಿಗಿರೋರು ಅಂದ್ಕೋಬಹುದು. ನೈಸ್‌ಗೂ ಕೈಂಡ್‌ಗೂ ವ್ಯತ್ಯಾಸ ಇದೆ, ಎಲ್ಲರ ಜೊತೆ ನಗ್ತಾ ಮಾತಾಡೋನು ನೈಸ್, ಕಷ್ಟಕ್ಕೆ ಆಗೋನು ಕೈಂಡ್, ಒಬ್ಬರಲ್ಲೇ ಎರಡೂ ಇರ್ಲೇಬೇಕು ಅಂತೇನಿಲ್ಲ. ಇನ್ನು ದನಿ. ಕೈಯಲ್ಲಿದ್ದ ಗ್ಲಾಸ್ ಬೀಳ್ಸಿದಾಗ ಯಾರಾದ್ರೂ ಎಳೆದು ನೈ...ಸ್ ಅಂದ್ರೆ ಥ್ಯಾಂಕ್ಸ್ ಹೇಳೋಕೆ ಹೋಗ್ಬೇಡಿ, ಅದು ಭೇಷ್ ಕಣಪ್ಪಾ ಅನ್ನೋ ವ್ಯಂಗ್ಯ.

ನಾವು ಕನ್ನಡದೋರು ಇದನ್ನ ಇನ್ನೂ ಒಂದು ಕಡೆ ತಿರುಗಿಸಿದೀವಿ. ಮರ ಉಜ್ಜಿ ನೈಸ್ ಮಾಡು ಅಂದ್ರೆ ನುಣುಪು ಮಾಡು, ನಂಗೇ ನೈಸ್ ಮಾಡ್ತೀಯಾ ಅಂದ್ರೆ ಪೂಸಿ ಹೊಡೀತೀಯಾ, ಕೆಲಸ ಹೇಳೋ ಹೊತ್ತಿಗೆ ನೈಸಾಗಿ ಜಾರ್ಕೊಂಡ ಅಂದ್ರೆ ಕಳ್ಳ ಅಂತಾನೇ ಅರ್ಥ. ಕೊನೇದನ್ನ ನೈಸ್ಲಿ ಅಂತ ಹಾಗೇ ಇಂಗ್ಲಿಷಿಗೆ ಹಾಕಿದ್ರೆ ಅವನು ಚೆನ್ನಾಗಿ, ನೀಟಾಗಿ ಹೋದ ಅನ್ನೋ ಹಾಗೆ ಆಗ್ಬಿಡುತ್ತೆ, ಅವನ ಕಳ್ಳಾಟ ಎಲ್ಲಾ ಅಲ್ಲೇ ಮುಚ್ಚಿಹೋಗುತ್ತೆ.